ಖುಲಾಸೆಯಾದ ಮೇಲೂ ಹೇಳಬೇಕೇ?

ಖುಲಾಸೆಯಾಗಿದ್ದರೂ ಉದ್ಯೋಗದ ಅರ್ಜಿಯಲ್ಲಿ ಹಳೆಯ ಪ್ರಕರಣವನ್ನು ನಮೂದಿಸಬೇಕೇ ಎಂದು ಕೇಳಿದ್ದೀರಿ. ಮೊದಲು ಅರ್ಜಿಯ ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿ. ‘ಶಿಕ್ಷೆಯಾಗಿದೆಯೇ’ ಎಂದಷ್ಟೇ ಇದ್ದರೆ ‘ಇಲ್ಲ’ ಎನ್ನುವುದು ಸುಳ್ಳಲ್ಲ. ‘ಎಂದಾದರೂ ಬಂಧನವಾಗಿತ್ತೇ, ಆರೋಪ ಹೊರಿಸಲಾಗಿತ್ತೇ’ ಎಂದಿದ್ದರೆ ಹೇಳಿಬಿಡಿ. ಎಷ್ಟೋ ಸಲ ಕೆಲಸಕ್ಕೆ ಕುತ್ತು ತರುವುದು ಪ್ರಕರಣವಲ್ಲ, ಅದನ್ನು ಮುಚ್ಚಿಟ್ಟದ್ದು. ಅಮೆರಿಕದ ವೀಸಾ ಅರ್ಜಿಯಂತೂ ಕ್ಷಮಾದಾನ ಸಿಕ್ಕಿದ್ದರೂ ಬಂಧನದ ವಿಷಯ ಕೇಳುತ್ತದೆ. ತೀರ್ಪಿನ ದೃಢೀಕೃತ ಪ್ರತಿಗಳನ್ನು ಈಗಲೇ ಪಡೆದಿಟ್ಟುಕೊಳ್ಳಿ.

ಬಂಧನದ ಸುದ್ದಿ ಅಂತರ್ಜಾಲದಲ್ಲಿ ಉಳಿದು ಖುಲಾಸೆಯ ಸುದ್ದಿ ಎಲ್ಲೂ ಬಾರದಿರುವುದೇ ನನಗೆ ದೊಡ್ಡ ಅನ್ಯಾಯವೆನಿಸುತ್ತದೆ. ಹಾಗಾಗಿದ್ದರೆ ತೀರ್ಪಿನ ಪ್ರತಿಯೊಂದಿಗೆ ಸಂಪಾದಕರಿಗೆ ಬರೆದು, ಹಳೆಯ ವರದಿಗೆ ಫಲಿತಾಂಶವನ್ನು ಸೇರಿಸುವಂತೆ ಕೇಳಿ. ಎಲ್ಲರೂ ಒಪ್ಪುವುದಿಲ್ಲ, ಒಪ್ಪುವವರೂ ಇದ್ದಾರೆ.