ಕರಾರು ತಪ್ಪಿದ ಗೇಣಿದಾರ

ಪತ್ರ: ಹೋದ ಸಂಚಿಕೆಯಲ್ಲಿ ಹೆರೆವರ್ಡ್ ಎಂಬ ಆಂಗ್ಲೋ-ಸ್ಯಾಕ್ಸನ್ (ಹಳೇ ಇಂಗ್ಲಿಷ್) ಜಮೀನುದಾರನನ್ನು, 1066ರಲ್ಲಿ ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರಿಗೆ ತಲೆಬಾಗದವನೆಂದು ಹೊಗಳಿದ್ದೀರಿ. 1070ರಲ್ಲಿ ಡೆನ್ಮಾರ್ಕಿನ ಡೇನರ ಜೊತೆ ಸೇರಿ ಪೀಟರ್‌ಬರೋ ಮಠ ಲೂಟಿ ಮಾಡಿದವನು ಅವನು. ಕೋಟೆ, ಚರ್ಚು ಕಟ್ಟಿಸಿದ ನಾರ್ಮನ್ನರು ಕೆಟ್ಟವರು, ಈ ದರೋಡೆಕೋರ ವೀರನೇ?
– ನಿವೃತ್ತ ಇತಿಹಾಸ ಮೇಷ್ಟ್ರು, ತೀರ್ಥಹಳ್ಳಿ

ಉತ್ತರ: ಮೇಷ್ಟ್ರೇ, ಲೂಟಿ ನಿಜ. ನಾರ್ಮನ್ನರ ಡರ್ಹ್ಯಾಮ್ ಚರ್ಚು ಚೆಂದವೇ. ಒಪ್ಪಿದೆ. ಇನ್ನು ನನ್ನ ಸರದಿ.

ಆ ಲೂಟಿಯನ್ನು ಬರೆದಿಟ್ಟವರು ಯಾರು? ಅದೇ ಮಠದ ಸನ್ಯಾಸಿಗಳು. ಶಿಲುಬೆಯ ಮೇಲಿದ್ದ ಯೇಸುವಿನ ತಲೆಯಿಂದ ಚಿನ್ನದ ಕಿರೀಟ ತೆಗೆದರು, ಪಾದದಡಿಯ ಚಿನ್ನವನ್ನೂ ಬಿಡಲಿಲ್ಲ, ಗೋಪುರ ಹತ್ತಿ ಬಚ್ಚಿಟ್ಟಿದ್ದನ್ನೂ ಇಳಿಸಿದರು ಅಂತ ಬರೆದಿದ್ದಾರೆ. ಅಲ್ಲೇ ಇನ್ನೊಂದು ಮಾತೂ ಇದೆ, ನೀವು ಜಾಣತನದಿಂದ ಬಿಟ್ಟಿದ್ದೀರಿ. ನಾರ್ಮನ್ನರ ದೊರೆ ವಿಲಿಯಂ ಆ ಮಠವನ್ನು ಟ್ಯೂರಲ್ಡ್ ಎಂಬವನಿಗೆ ಕೊಟ್ಟಿದ್ದ. ಅವನು 160 ಮಂದಿ ಫ್ರೆಂಚರ ಜೊತೆ ಬರುತ್ತಿದ್ದ, ಎಲ್ಲರ ಕೈಯಲ್ಲೂ ಆಯುಧ. ಮಠಕ್ಕೆ ಬರುವ ಸ್ವಾಮಿಗೆ ಅಷ್ಟು ಕತ್ತಿ ಯಾಕೆ? ಮಠದ ಮೇಲಿನ ನಿಷ್ಠೆಯಿಂದಲೇ ಒಡವೆ ತೆಗೆದೆವು ಅಂದರಂತೆ ಹೆರೆವರ್ಡ್ ಕಡೆಯವರು. ನನಗೆ ಅರ್ಧ ನಂಬಿಕೆ. ಟ್ಯೂರಲ್ಡ್ ಬಂದು ನೋಡಿದರೆ ಮಠದಲ್ಲಿ ಇದ್ದದ್ದು ಒಬ್ಬನೇ ಸನ್ಯಾಸಿ. ಹುಷಾರಿಲ್ಲದೆ ಮಲಗಿದ್ದ ಉದ್ದನೆಯ ಲಿಯೋಫ್‌ವಿನ್.

ನಾನು ಶಾನುಭೋಗರ ಮನೆಯವನು. ಲಾವಣಿಗಿಂತ ಲೆಕ್ಕದ ಪುಸ್ತಕವೇ ನನಗೆ ರುಚಿ. ವಿಲಿಯಂ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಎಂಬ ಜಮೀನು ಲೆಕ್ಕದಲ್ಲಿ ಲಿಂಕನ್‌ಶೈರಿನ ರಿಪ್ಪಿಂಗೇಲ್ ಊರು ನೋಡಿ. ಕ್ರೋಲೆಂಡ್ ಮಠದ ಜಮೀನನ್ನು ಹೆರೆವರ್ಡ್ ಗೇಣಿಗೆ ಹಿಡಿದಿದ್ದ. ಗೇಣಿ ಎಷ್ಟು ಅಂತ ಪ್ರತಿ ವರ್ಷ ಇಬ್ಬರೂ ಮಾತಾಡಿಕೊಳ್ಳಬೇಕು. ಇವನು ಕರಾರಿನಂತೆ ನಡೆಯಲಿಲ್ಲ, ಮಠ ಜಮೀನು ಬಿಡಿಸಿಕೊಂಡಿತು. ಅವನು ದೇಶ ಬಿಟ್ಟು ಓಡಿದ್ದು ಆಮೇಲೆ. ಕುದುರೆ ಇಲ್ಲ, ಕತ್ತಿ ಇಲ್ಲ, ಬರೀ ಗೇಣಿ ತಕರಾರು! ಹಾಡಿನ ವೀರನಿಗಿಂತ ಈ ತಂಟೆಕೋರ ನನಗೆ ಇಷ್ಟ.

ಅದೇ ಲೆಕ್ಕದಲ್ಲಿ ಇನ್ನೊಂದು ನೋಡಿ. ಇಂಗ್ಲೆಂಡಿನ ಉತ್ತರದ ಟೀಸ್ ನದಿಯಿಂದ ದಕ್ಷಿಣಕ್ಕೆ, ದೊರೆಯಿಂದ ನೇರವಾಗಿ ಭಾರಿ ಜಮೀನು ಹಿಡಿದಿದ್ದ ಇಂಗ್ಲಿಷರು ಇಬ್ಬರೇ: ಆರ್ಡನ್ನಿನ ಥರ್ಕಿಲ್, ಲಿಂಕನ್ನಿನ ಕೋಲ್ಸ್‌ವೇನ್. ಬರೀ 20 ವರ್ಷದಲ್ಲಿ! ಮಿಕ್ಕವರ ಹೊಲಗದ್ದೆ ಎಲ್ಲಿ ಹೋಯಿತು ಮೇಷ್ಟ್ರೇ? ಆ ಚೆಂದದ ಕೋಟೆಗಳನ್ನು ಯಾರ ದುಡಿಮೆಯಲ್ಲಿ ಕಟ್ಟಿದರು?

ಶಾಲೆಯಲ್ಲಿ ನಾವು ಓದಿದ್ದು ಇಷ್ಟೇ: 1066, ಹೇಸ್ಟಿಂಗ್ಸ್ ಯುದ್ಧ, ಇಂಗ್ಲಿಷ್ ದೊರೆ ಹೆರಾಲ್ಡ್ ಸತ್ತ, ಪಾಠ ಮುಗೀತು. ಪರೀಕ್ಷೆಗೆ ಇಸವಿ ಸಾಕು. 1071ರಲ್ಲೂ ಈಲಿ ಎಂಬ ಊರಿನ ಜೌಗಿನಲ್ಲಿ ಹೆರೆವರ್ಡ್ ಮತ್ತು ಅವನ ಜೊತೆಯ ಜನ ತಲೆಬಾಗದೆ ಕೂತಿದ್ದರು, ವಿಲಿಯಂ ಅವರನ್ನು ಮುಟ್ಟಲು ಕೆಸರಿನ ಮೇಲೆ ದಾರಿ ಹಾಕಿಸಬೇಕಾಯಿತು ಅಂತ ಯಾರೂ ಹೇಳಿಕೊಡಲಿಲ್ಲ. ನೀವೂ ಹೇಳಿರಲಿಕ್ಕಿಲ್ಲ, ಅಲ್ವಾ? ತಪ್ಪು ನಿಮ್ಮದಲ್ಲ, ಸಿಲಬಸ್ ಮುಗಿಸುವ ಗಡಿಬಿಡಿ.

ಕೊನೆಗೆ ಅಲ್ಲಿದ್ದ ಅರ್ಲ್ (ದೊಡ್ಡ ಸರದಾರ) ಮಾರ್ಕರ್ ಶರಣಾದ, ಬಿಷಪ್ ಎಥೆಲ್‌ವಿನ್ ಶರಣಾದ. ಹೆರೆವರ್ಡ್ ಮಾತ್ರ ಜೊತೆಗೆ ಬರುತ್ತೇವೆ ಅಂದವರನ್ನು ಕರೆದುಕೊಂಡು ಜಾರಿಕೊಂಡ. ಆಮೇಲಿನದೆಲ್ಲ ಸುಮ್ನೆ ಕತೆ.

ಇನ್ನೊಂದು ಪತ್ರ ಬರೆಯಿರಿ. ಆ ಲಿಯೋಫ್‌ವಿನ್ ಬಗ್ಗೆ ಬರೆದರೆ ಜಾಸ್ತಿ ಖುಷಿ.