ಶಿಯೋನ್ ಕೋಟೆಗೆ ಎರಡು ಮುಖ ಏಕೆ?

ಕಳೆದ ಸಂಚಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಶಿಯೋನ್ ಕೋಟೆಯ ಚಿತ್ರ ನೋಡಿದ ಓದುಗರೊಬ್ಬರು ಮೂರು ಪ್ರಶ್ನೆ ಕೇಳಿ ಪತ್ರ ಬರೆದಿದ್ದಾರೆ. ನೀರಿನ ನಡುವೆ ಇಷ್ಟು ಭಾರದ ಕಟ್ಟಡ ಕುಸಿಯದೆ ನಿಂತಿರುವುದು ಹೇಗೆ? ಒಂದು ಕಡೆ ಬುರುಜು, ಇನ್ನೊಂದು ಕಡೆ ಅರಮನೆಯಂಥ ಕಿಟಕಿ, ಹೀಗೇಕೆ? ಕೈದಿಗಳನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಡುತ್ತಿದ್ದರು ಎನ್ನುವುದು ನಿಜವೇ?

ಮಾನ್ಯರೇ,

ಶಿಯೋನ್ ನಿಂತಿರುವುದು ಗಟ್ಟಿ ಬಂಡೆಯ ಮೇಲೆ. ಜಿನೀವಾ ಸರೋವರದ ಪೂರ್ವದ ತುದಿಯಲ್ಲಿ, ಮಾಂಟ್ರೋ ಊರಿನ ಹತ್ತಿರ, ಸುಮಾರು 100 ಮೀಟರ್ ಉದ್ದ, 50 ಮೀಟರ್ ಅಗಲದ ಸುಣ್ಣಕಲ್ಲಿನ ಬಂಡೆಯೊಂದು ದಡಕ್ಕೆ ತೀರ ಹತ್ತಿರದಲ್ಲೇ ನೀರಿನಿಂದ ಮೇಲೆದ್ದಿದೆ. ಅದರಾಚೆ ಸರೋವರದ ತಳ ಕಡಿದಾಗಿ ಆಳಕ್ಕೆ ಇಳಿಯುತ್ತದೆ. ಬಂಡೆಯ ಅಂಚು ಹೋದಂತೆ ಗೋಡೆಯೂ ಹೋಗಿದೆ. ಹಾಗಾಗಿ ಮೇಲಿನಿಂದ ಕೋಟೆ ಉದ್ದನೆಯ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಬಂಡೆಗೂ ದಡಕ್ಕೂ ನಡುವೆ ಇರುವ ಕಿರುಗಾಲುವೆಯೇ ಕಂದಕ.

ನಿಮ್ಮ ಎರಡನೆಯ ಪ್ರಶ್ನೆಯಲ್ಲಿ ಕೋಟೆಯ ಮರ್ಮವೇ ಇದೆ. ಅದಕ್ಕೆ ಉತ್ತರ ಬೇಕಿದ್ದರೆ ಸರೋವರವನ್ನು ಬಿಟ್ಟು ರಸ್ತೆಯನ್ನು ನೋಡಬೇಕು. ಉತ್ತರದಿಂದ ಇಟಲಿಗೆ ಹೋಗುವ ವರ್ತಕರು ಲೋಸಾನ್ ದಾಟಿ, ಸರೋವರದ ದಡ ಹಿಡಿದು, 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಮಾರ್ಗಕ್ಕೆ ಏರುತ್ತಿದ್ದರು. ಶಿಯೋನ್ ಬಳಿ ಬೆಟ್ಟ ನೇರ ನೀರಿಗೆ ಇಳಿಯುವುದರಿಂದ ನಡುವೆ ಉಳಿಯುವುದು ಕಿರಿದಾದ ದಾರಿಯೊಂದೇ. ಅಲ್ಲಿ ಕಾವಲು ಕೂತವನ ಕಣ್ಣು ತಪ್ಪಿಸಿ ಒಂದು ಹೇಸರಗತ್ತೆಯೂ ದಾಟುವಂತಿರಲಿಲ್ಲ. ಆ ಸೀಮೆಯ ದೊರೆಗಳಾದ ಸವೊಯ್ ಮನೆತನದ ಕೌಂಟ್‌ಗಳು 12ನೆಯ ಶತಮಾನದಲ್ಲೇ ಈ ಕೋಟೆ ಹಿಡಿದಿದ್ದರು. 1214ರಲ್ಲಿ ಅವರಲ್ಲೊಬ್ಬನಾದ ಮೊದಲನೆಯ ಥಾಮಸ್ ಪಕ್ಕದಲ್ಲೇ ವಿಲ್ನವ್ ಎಂಬ ಪೇಟೆ ಕಟ್ಟಿಸಿದ. ಸರಕಿಗೆ ಸುಂಕ ಅಲ್ಲಿ, ಅದಕ್ಕೆ ಬೆನ್ನುಬಲ ಇಲ್ಲಿ.

ಶತ್ರು ಬಂದರೂ ಇದೇ ರಸ್ತೆಯಲ್ಲಿ ಬರಬೇಕು. ಹಾಗಾಗಿ ದಡದ ಕಡೆ 13ನೆಯ ಶತಮಾನದಲ್ಲಿ ಮೂರು ಅರೆವೃತ್ತದ ಬುರುಜುಗಳು ಎದ್ದವು. ಬುರುಜು ಗೋಡೆಯಿಂದ ಮುಂದಕ್ಕೆ ಚಾಚಿರುವುದಕ್ಕೆ ಕಾರಣವಿದೆ. ಗೋಡೆ ಬರೀ ನೇರವಾಗಿದ್ದರೆ ಅದರ ಬುಡಕ್ಕೆ ಬಂದು ನಿಂತವನು ಮೇಲಿನ ಬಿಲ್ಲುಗಾರನಿಗೆ ಕಾಣುವುದಿಲ್ಲ. ಚಾಚಿದ ಬುರುಜಿನಿಂದಾದರೆ ಗೋಡೆಯುದ್ದಕ್ಕೂ ಅಡ್ಡಲಾಗಿ ಬಾಣ ಬಿಡಬಹುದು. ಬಾಣಗಂಡಿ ಹೊರಗೆ ಬರೀ ಸೀಳು, ಒಳಗೆ ಆಳು ನಿಂತು ಎಡಬಲ ತಿರುಗುವಷ್ಟು ಅಗಲ. ಮುಂದೆ ಗೋಡೆಯ ನೆತ್ತಿಯಲ್ಲಿ ಚಾಚುಕಲ್ಲುಗಳ ಸಾಲು ಸೇರಿತು. ಆ ಕಲ್ಲುಗಳ ನಡುವಿನ ತೆರಪಿನಿಂದ ನೆಟ್ಟಗೆ ಬುಡಕ್ಕೇ ಕಲ್ಲು ಬೀಳಿಸಬಹುದು. ಎಲ್ಲಕ್ಕೂ ನಡುವೆ ಸುಮಾರು 25 ಮೀಟರ್ ಎತ್ತರದ ಹಳೆಯ ಗೋಪುರವಿದೆ. ಉಳಿದದ್ದೆಲ್ಲ ಕೈಬಿಟ್ಟಾಗ ಅದೇ ಕೊನೆಯ ಆಸರೆ.

ಸರೋವರದ ಕಡೆ ಈ ಯಾವ ಭಯವೂ ಇರಲಿಲ್ಲ. ಕಟ್ಟಿಸಿದವರು, ಮುಖ್ಯವಾಗಿ ಸವೊಯ್ ಕೌಂಟ್ ಎರಡನೆಯ ಪೀಟರ್, ಸಭಾಂಗಣಗಳನ್ನೂ ಮಲಗುವ ಕೋಣೆಗಳನ್ನೂ ಅಲ್ಲೇ ಇಟ್ಟು ಜೋಡಿ ಕಮಾನಿನ ದೊಡ್ಡ ಕಿಟಕಿ ಇಡಿಸಿದರು. ಕಕ್ಕಸುಗಳೂ ಇದೇ ಕಡೆ. ಮರದ ಹಲಗೆಯಲ್ಲಿ ಕೊರೆದ ತೂತಿನಿಂದ ನೇರ ಸರೋವರಕ್ಕೆ!

ಈ ಲೆಕ್ಕಾಚಾರ ಬಿಲ್ಲುಬಾಣದ ಕಾಲಕ್ಕೆ ಸರಿಯಿತ್ತು. 1536ರಲ್ಲಿ ಬರ್ನ್ ನಗರದ ಸೈನ್ಯ ತೋಪು ತಂದು ದಡದಲ್ಲಿ ನಿಂತಿತು, ಜಿನೀವಾದವರ ದೋಣಿಗಳು ನೀರಿನ ಕಡೆಯಿಂದ ಬಂದವು. ಕೋಟೆ ಹೆಚ್ಚು ದಿನ ತಡೆಯಲಿಲ್ಲ. ಗೆದ್ದವರು ಅದನ್ನು ಕೆಡವದೆ ಅಧಿಕಾರಿಯ ವಾಸಕ್ಕೆ, ಉಗ್ರಾಣಕ್ಕೆ, ಸೆರೆಮನೆಗೆ ಬಳಸಿಕೊಂಡರು. ಮಧ್ಯಯುಗದ ಕಟ್ಟಡ ಇಷ್ಟು ಇಡಿಯಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. 19ನೆಯ ಶತಮಾನದ ಕೊನೆಯಲ್ಲಿ ವಾಸ್ತುಶಿಲ್ಪಿ ಆಲ್ಬರ್ಟ್ ನೇಫ್ ದುರಸ್ತಿಯ ಹೊಣೆ ಹೊತ್ತಾಗ ನೆಲ ಅಗೆಸಿ, ಅಳತೆ ತೆಗೆದು, ಪ್ರತಿ ಹಂತವನ್ನೂ ದಾಖಲಿಸಿದರು. ಚಂದ ಕಾಣಲೆಂದು ಹಳೆಯ ಕೋಟೆಗಳಿಗೆ ಇಲ್ಲದ ಗೋಪುರ ಸೇರಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಸಂಯಮ ಎಂದೇ ನಮ್ಮ ಅಭಿಪ್ರಾಯ.

ಇನ್ನು ಸೆರೆಮನೆ. ಸವೊಯ್ ಡ್ಯೂಕ್‌ನನ್ನು ಎದುರುಹಾಕಿಕೊಂಡ ಜಿನೀವಾದ ಫ್ರಾನ್ಸ್ವಾ ಬೊನಿವಾರ್‌ನನ್ನು 1530ರಲ್ಲಿ ಹಿಡಿದು ತಂದರು. ಮೊದಲು ತಕ್ಕಮಟ್ಟಿಗೆ ಮರ್ಯಾದೆಯಿಂದಲೇ ಇರಿಸಿ, ಆಮೇಲೆ ನೆಲಮಾಳಿಗೆಗೆ ಇಳಿಸಿದರು. ಬರ್ನ್ ಸೈನ್ಯ ಬಂದ ಮೇಲಷ್ಟೇ ಅವನಿಗೆ ಬಿಡುಗಡೆ. 1816ರಲ್ಲಿ ಇಲ್ಲಿಗೆ ಬಂದಿದ್ದ ಇಂಗ್ಲಿಷ್ ಕವಿ ಬೈರನ್ ಈ ಕೈದಿಯ ಮೇಲೆ ಕವಿತೆ ಬರೆದು ಅವನ ಹೆಸರನ್ನು ಲೋಕಪ್ರಸಿದ್ಧ ಮಾಡಿದ. ಕೈದಿಯ ಕೋಣೆ ನೀರಿನ ಕೆಳಗಿದೆ ಎಂಬ ನಂಬಿಕೆ ಹಬ್ಬಿದ್ದು ಆ ಕವಿತೆಯಿಂದಲೇ. ನಿಜದಲ್ಲಿ ನೆಲಮಾಳಿಗೆಯ ಸೀಳುಗಿಂಡಿಗಳು ನೀರಿನ ಮಟ್ಟಕ್ಕಿಂತ ಮೇಲೆ, ಸರೋವರದತ್ತ ತೆರೆದಿವೆ. ಇಳಿಹೊತ್ತಿನಲ್ಲಿ ಅಲೆಯ ಮೇಲೆ ಬಿದ್ದ ಬೆಳಕು ಪುಟಿದು ಚಾವಣಿಯ ಕಮಾನುಗಳ ಮೇಲೆ ಆಡುತ್ತದೆ. ಒಂದು ಮಗ್ಗುಲಲ್ಲಿ ಕಟ್ಟಿದ ಗೋಡೆಯಿಲ್ಲ, ಒರಟಾದ ಹಾಸುಬಂಡೆಯೇ ಇದೆ.

ನೆಲಮಾಳಿಗೆಯ ಕಂಬಸಾಲು, ಕಮಾನು ಎಲ್ಲ ಎದ್ದದ್ದು ಮೊದಲಿಗೆ ಮೇಲಿನ ಸಭಾಂಗಣಗಳ ಭಾರ ಹೊರಲು, ಜತೆಗೆ ದಾಸ್ತಾನು ಇಡಲು. ಬರ್ನ್ ಆಡಳಿತದಲ್ಲಿ ಇದೇ ನೆಲಮಾಳಿಗೆಯಲ್ಲಿ ದ್ರಾಕ್ಷಾರಸದ ಪೀಪಾಯಿಗಳನ್ನು ಇಡುತ್ತಿದ್ದರು.

- ಸಂಪಾದಕರು