ಎಪ್ಸಿಲಾನ್ ಇಂಡಿಯ ಗ್ರಹ 8 ಇಂಚಿನ ಟೆಲಿಸ್ಕೋಪಿಗೆ ಸಿಗುತ್ತಾ?

ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಿಂದ 8 ಇಂಚಿನ ಡಾಬ್ಸೋನಿಯನ್‌ನಲ್ಲಿ (ಕನ್ನಡಿಯ ಟೆಲಿಸ್ಕೋಪು) ಎಪ್ಸಿಲಾನ್ ಇಂಡಿ ಅನ್ನುವ ನಕ್ಷತ್ರದ ಗ್ರಹ ನೋಡಬಹುದಾ, ಯಾವ ಫಿಲ್ಟರ್ ಕೊಳ್ಳಲಿ ಅಂತ ಕೇಳಿದ್ದೀರಿ. ಗ್ರಹ ಕಾಣುವುದಿಲ್ಲ, ಫಿಲ್ಟರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಆದರೆ ಅದರ ನಕ್ಷತ್ರ ಬರಿಗಣ್ಣಿಗೇ ಸಿಗುತ್ತದೆ.

ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪು ತೆಗೆದು, 2024ರಲ್ಲಿ ಪ್ರಕಟವಾದ ಚಿತ್ರ ನೋಡಿಯೇ ಕೇಳಿದ್ದೀರಿ ಅನಿಸುತ್ತದೆ. ಅದು ಗುರುವಿನ ಆರು ಪಟ್ಟಿಗಿಂತ ಜಾಸ್ತಿ ತೂಕದ ಅನಿಲ ಗ್ರಹ. ನಮ್ಮಿಂದ ಸುಮಾರು 12 ಜ್ಯೋತಿರ್ವರ್ಷ ದೂರ, ಉಷ್ಣಾಂಶ 2 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಸುದ್ದಿಯವರು ತಣ್ಣನೆ ಗ್ರಹ ಅಂತಾರೆ, ಆದರೆ ನಮ್ಮ ಗುರುವಿಗೆ ಹೋಲಿಸಿದರೆ ಬೆಚ್ಚಗೇ ಇದೆ. ಗ್ರಹ ತನ್ನ ನಕ್ಷತ್ರದಿಂದ ತುಂಬಾ ದೂರ ಇದೆ, ಅಷ್ಟು ದೂರಕ್ಕೆ ಅದರ ಬಿಸಿಲು ಏನೂ ಸಾಲದು, ಹುಟ್ಟುವಾಗಿನ ಕಾವು ಇನ್ನೂ ಒಳಗೆ ಉಳಿದಿದೆ ಅಷ್ಟೇ. ಇಂಥ ವಸ್ತು ಸೂಸುವುದು ಹೆಚ್ಚಾಗಿ 10 ಮೈಕ್ರಾನ್ ತರಂಗಾಂತರದ ಸುತ್ತಮುತ್ತಲಿನ ಶಾಖದ ಕಿರಣ. ಆ ಕಿರಣದಲ್ಲಿ ನಮ್ಮ ಗಾಳಿ, ನಿಮ್ಮ ಟೆಲಿಸ್ಕೋಪು, ಪಕ್ಕದಲ್ಲಿ ನಿಂತ ನೀವು, ಎಲ್ಲವೂ ಹೊಳೆಯುತ್ತಿರುತ್ತವೆ, ಅದರ ಮುಂದೆ ಗ್ರಹದ ಬೆಳಕು ಲೆಕ್ಕಕ್ಕೇ ಇಲ್ಲ. ವೆಬ್ ಇರುವುದು 15 ಲಕ್ಷ ಕಿಲೋಮೀಟರ್ ಆಚೆ, ಈ ಚಿತ್ರ ತೆಗೆದ ಅದರ ಕ್ಯಾಮೆರಾ ಮೈನಸ್ 266 ಡಿಗ್ರಿಗೂ ಕೆಳಗೆ. ನಕ್ಷತ್ರದ ಬೆಳಕು ಮರೆಮಾಡಲು ಕೊರೊನಾಗ್ರಾಫ್ ಬೇರೆ.

ನಕ್ಷತ್ರ ಹುಡುಕಲು ಅಕ್ಟೋಬರ್ ಕೊನೆಯ ವಾರ, ರಾತ್ರಿ 8 ಗಂಟೆ ಒಳ್ಳೆಯ ಹೊತ್ತು. ದಕ್ಷಿಣಕ್ಕೆ ಮುಖ ಮಾಡಿ. ಮೇಲೆ, ಸ್ವಲ್ಪ ಎಡಕ್ಕೆ ಫೋಮಲ್‌ಹಾಟ್ ಅನ್ನುವ ಹೊಳೆಯುವ ನಕ್ಷತ್ರ, ಅದರ ಕೆಳಗೆ ಬಲಕ್ಕೆ ಅಲ್ನೇರ್ ಅನ್ನುವ ನಕ್ಷತ್ರ. ಅಲ್ನೇರ್‌ನಿಂದ ನೇರ ಕೆಳಗೆ, ಕೈ ಚಾಚಿ ಹಿಡಿದ ಒಂದು ಮುಷ್ಟಿಯಷ್ಟು ದೂರದಲ್ಲಿ ಎಪ್ಸಿಲಾನ್ ಇಂಡಿ. ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂದ) 4.7, ಟೆಲಿಸ್ಕೋಪಿನಲ್ಲಿ ಕಿತ್ತಳೆ ಛಾಯೆ. ನಮ್ಮಲ್ಲಿ ಅದು ಏರುವುದೇ ದಿಗಂತದಿಂದ 19 ಡಿಗ್ರಿ, ಹಾಗಾಗಿ ಅಡಿಕೆ ತೋಟದ ನಡುವೆ ನಿಂತರೆ ಮರಗಳೇ ಅಡ್ಡ. ಶರಾವತಿ ಹಿನ್ನೀರಿನ ಉತ್ತರದ ದಡದಂಥ ಜಾಗ ಹುಡುಕಿ, ದಕ್ಷಿಣಕ್ಕೆ ನೀರಿದ್ದರೆ ದೀಪದ ಕಾಟವೂ ಕಡಿಮೆ. ಶಿವಮೊಗ್ಗ ಊರೊಳಗಿಂದ ಬೇಡ.

ಕ್ಯಾಮೆರಾ ಇದೆ ಅಂದಿರಲ್ವಾ, ಹಾಗಾದರೆ ಗ್ರಹದ ಆಸೆ ಬಿಟ್ಟು ಈ ನಕ್ಷತ್ರದ ಓಟ ಹಿಡಿಯಿರಿ, ನನಗೆ ಕೇಳಿದರೆ ಮಜಾ ಇರುವುದೇ ಅದರಲ್ಲಿ. ಇದು ವರ್ಷಕ್ಕೆ ಸುಮಾರು 4.7 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಸರಿಯುತ್ತದೆ, ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲಿ ಇಷ್ಟು ಓಡುವವು ತುಂಬಾ ಕಡಿಮೆ. ನಕ್ಷತ್ರದ ಜೊತೆ ಟೆಲಿಸ್ಕೋಪು ತಾನೇ ತಿರುಗುವ ಟ್ರ್ಯಾಕಿಂಗ್ ಇಲ್ಲದಿದ್ದರೂ ಪರವಾಗಿಲ್ಲ, ಅರ್ಧ ಸೆಕೆಂಡಿನ ಚಿತ್ರ ಹತ್ತಾರು ತೆಗೆದು ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರ ಮಾಡಿ. ಮುಂದಿನ ಅಕ್ಟೋಬರ್‌ನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ತೆಗೆದು, ಹಿನ್ನೆಲೆಯ ಸಣ್ಣ ನಕ್ಷತ್ರಗಳ ಜೊತೆ ಹೊಂದಿಸಿ ನೋಡಿ. 1200 ಮಿಲಿಮೀಟರ್ ಫೋಕಲ್ ಲೆಂತ್ ಇದ್ದರೆ ಐದಾರು ಪಿಕ್ಸೆಲ್ ಸರಿದಿರುವುದು ಗೊತ್ತಾಗಬೇಕು. ಹಿನ್ನೀರಿನ ಹತ್ತಿರ ಇಬ್ಬನಿ ಜೋರು, ಕನ್ನಡಿಗೆ ಹೇರ್ ಡ್ರೈಯರ್ ಮರೆಯಬೇಡಿ.